ಜಿಪ್ಸಿಗೆ ಏನು ಹಾಕಿಸಿದೆ, ಏನು ಬಿಟ್ಟೆ: ನನ್ನ ಅನುಭವ

ಮಳೆಗಾಲದಲ್ಲಿ ನಮ್ಮ ತೋಟದ ದಾರಿಯಲ್ಲಿ ನನ್ನ ಮಾರುತಿ ಜಿಪ್ಸಿ ಹತ್ತುವುದನ್ನು ನೋಡಿದವರು ಕೇಳುವುದು ಒಂದೇ ಪ್ರಶ್ನೆ. “ಎಂಜಿನ್‌ಗೆ ಏನು ಮಾಡಿಸಿದೀರಾ?” ಏನೂ ಮಾಡಿಸಿಲ್ಲ. ಕಂಪನಿಯಿಂದ ಬಂದ ಅದೇ 1.3 ಲೀಟರ್ ಪೆಟ್ರೋಲ್ ಎಂಜಿನ್. 80 ಬಿಎಚ್‌ಪಿ, ಅದೂ 6000 ಆರ್‌ಪಿಎಂನಲ್ಲಿ. ಕೆಸರಿನ ಏರಿನಲ್ಲಿ ನಾವು 6000 ಆರ್‌ಪಿಎಂ ನೋಡುತ್ತೇವಾ? ನೋಡಿದರೆ ಅಲ್ಲಿಗೆ ಕಥೆ ಮುಗಿಯಿತು ಅಂತಲೇ ಅರ್ಥ.

ನಮ್ಮದು ಸಕಲೇಶಪುರದ ಕಡೆ ಕಾಫಿ ತೋಟ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದಾರಿ ಅನ್ನುವುದು ಹೆಸರಿಗೆ ಮಾತ್ರ. ಜಿಪ್ಸಿಯನ್ನು ಹಳೆಯ ಗಾಡಿಯಾಗಿಯೇ ಕೊಂಡಿದ್ದು. 1985ರಲ್ಲಿ ಮಾರುಕಟ್ಟೆಗೆ ಬಂದ ಈ ಗಾಡಿ ಈಗ ಹೊಸದಾಗಿ ಸಿಗುವುದಿಲ್ಲ. ಆದರೂ ಮಲೆನಾಡಿನಲ್ಲಿ ಇದರ ಬೆಲೆ ಇಳಿದಿಲ್ಲ. ಕಾರಣ ಸರಳ. ತೂಕ ಸುಮಾರು ಒಂದು ಟನ್ ಅಷ್ಟೇ. ಏಣಿಯಂಥ ಲ್ಯಾಡರ್ ಚಾಸಿ, ಹಿಂದೆ ಮುಂದೆ ಎರಡು ಚಕ್ರಗಳನ್ನು ಜೋಡಿಸುವ ಒಂದೇ ಗಟ್ಟಿ ಆಕ್ಸಲ್, ಪ್ಲೇಟುಗಳ ಲೀಫ್ ಸ್ಪ್ರಿಂಗ್. ಹಾಳಾದರೆ ಊರ ಮೆಕ್ಯಾನಿಕ್ಕೇ ಬಿಚ್ಚಿ ಕಟ್ಟುತ್ತಾನೆ.

ಗಾಡಿ ತಂದ ಕೂಡಲೇ ಸಲಹೆಗಳ ಮಳೆ ಶುರುವಾಯಿತು. ಒಬ್ಬರು ಹೊಗೆ ಸಲೀಸಾಗಿ ಹೋಗುವ ಫ್ರೀ ಫ್ಲೋ ಸೈಲೆನ್ಸರ್ ಹಾಕಿಸಿ ಅಂದರು. ಇನ್ನೊಬ್ಬರು ಹಳೆಯ ಬಲೆನೊದ 1.6 ಎಂಜಿನ್ ಕೂರಿಸಿ ಅಂದರು. ಹಗ್ಗ ಸುತ್ತಿ ಗಾಡಿ ಎಳೆಯುವ ವಿಂಚ್, ಗಾಡಿಯನ್ನು ನಾಲ್ಕು ಇಂಚು ಎತ್ತರಿಸುವ ಲಿಫ್ಟ್ ಕಿಟ್, ಮೇಲೆ ಸಾಲು ಲೈಟು, ಎಲ್ಲವೂ ಬಂತು. ನಾನು ಮೊದಲ ಮಳೆಗಾಲ ಏನನ್ನೂ ಹಾಕಿಸಲಿಲ್ಲ. ಗಾಡಿ ಎಲ್ಲಿ ನಿಲ್ಲುತ್ತದೆ, ಯಾಕೆ ನಿಲ್ಲುತ್ತದೆ ಅನ್ನುವುದನ್ನಷ್ಟೇ ನೋಡುತ್ತಾ ಹೋದೆ.

ಗಾಡಿ ನಿಲ್ಲುವುದು ಮೂರು ಥರ. ಎಂಜಿನ್ ಉಸಿರು ಬಿಟ್ಟು ಆಫ್ ಆಗುತ್ತದೆ. ಇಲ್ಲ, ಎಂಜಿನ್ ಚೆನ್ನಾಗಿಯೇ ಓಡುತ್ತಿರುತ್ತದೆ, ಚಕ್ರ ಸುಮ್ನೆ ಇದ್ದಲ್ಲೇ ತಿರುಗುತ್ತದೆ. ಇಲ್ಲ, ಹೊಟ್ಟೆ ತಾಗಿ ಕೂತುಬಿಡುತ್ತದೆ. ಮೂರಕ್ಕೂ ಮದ್ದು ಬೇರೆ ಬೇರೆ. ಆ ಮಳೆಗಾಲದಲ್ಲಿ ನನ್ನ ಗಾಡಿ ಲೋ ಗೇರ್‌ನಲ್ಲಿದ್ದಾಗ (ವೇಗ ಕಡಿಮೆ, ಎಳೆತ ಜಾಸ್ತಿ) ಎಂಜಿನ್ ಸೋತು ನಿಂತಿದ್ದೇ ಇಲ್ಲ. ಹೆಚ್ಚಿನ ಸಲ ಚಕ್ರ ಜಾರಿತ್ತು. ಕೆಲವು ಕಡೆ ಆಕ್ಸಲ್ ನಡುವೆ ಎರಡೂ ಚಕ್ರಕ್ಕೆ ಎಳೆತ ಹಂಚುವ ಡಿಫರೆನ್ಷಿಯಲ್‌ನ (ಡಿಫ್) ಗುಂಡು ದಾರಿಯ ನಡುದಿಣ್ಣೆಗೆ ತಾಗಿತ್ತು. ದುಡ್ಡು ಎಲ್ಲಿ ಹಾಕಬೇಕು ಅನ್ನುವುದು ಅಲ್ಲಿಗೇ ತೀರ್ಮಾನ ಆಯಿತು.

ಮೊದಲು ಟಯರ್. ಜಿಪ್ಸಿಯ ನಂತರದ ಮಾದರಿಯಾದ ಜಿಪ್ಸಿ ಕಿಂಗ್‌ಗೆ ಬರುವ ಅಳತೆ 205/70 ಆರ್ 15, ಅಂದರೆ 205 ಮಿ.ಮೀ. ಅಗಲ, ಅದರ 70 ಶೇಕಡಾ ಪಕ್ಕದ ಎತ್ತರ, 15 ಇಂಚು ರಿಮ್. ಲೆಕ್ಕ ಹಾಕಿದರೆ ಅದರ ಒಟ್ಟು ಎತ್ತರ 668 ಮಿ.ಮೀ. ನಾನು ಆರಿಸಿಕೊಂಡಿದ್ದು 215/75 ಆರ್ 15. ಅದು 703 ಮಿ.ಮೀ. ಚಿಲ್ಲರೆ. ಬೊಲೆರೊಗೂ ಇದೇ ಅಳತೆ ಬರುವುದರಿಂದ ನಮ್ಮ ಕಡೆ ಯಾವ ಟಯರ್ ಅಂಗಡಿಗೆ ಹೋದರೂ ಸಿಗುತ್ತದೆ. ಅಪರೂಪದ ಅಳತೆಯ ಟಯರ್ ಹಾಕಿಸಿಕೊಂಡು, ಒಂದು ಹರಿದಾಗ ಬೆಂಗಳೂರಿನಿಂದ ಬರುವವರೆಗೆ ಕಾಯುವ ಗೋಳು ನನಗೆ ಬೇಡವಾಗಿತ್ತು.

ಇನ್ನೂ ದೊಡ್ಡದು, 235/75 ಹಾಕಿಸಿ ಅಂದವರು ಬಹಳ ಜನ. ನೋಡೋಕೆ ಚೆನ್ನಾಗಿರುತ್ತದೆ, ಸುಳ್ಳಲ್ಲ. ಆದರೆ ಟಯರ್ ದೊಡ್ಡದಾದಷ್ಟೂ ಗೇರ್ ಉದ್ದವಾಗುತ್ತದೆ, ಅಂದರೆ ಎಳೆತ ಕಡಿಮೆಯಾಗುತ್ತದೆ ಅನ್ನುವುದನ್ನು ಯಾರೂ ಹೇಳುವುದಿಲ್ಲ. ಎಂಜಿನ್ ಬಲವನ್ನು ಮುಂದಿನ, ಹಿಂದಿನ ಆಕ್ಸಲ್‌ಗೆ ಹಂಚುವ ಪೆಟ್ಟಿಗೆ, ಅಂದರೆ ಜಿಪ್ಸಿಯ ಟ್ರಾನ್ಸ್‌ಫರ್ ಕೇಸ್‌ನಲ್ಲಿ ಗೇರ್ ಅನುಪಾತ ಹೈ 1.409, ಲೋ 2.268. ಅಂದರೆ ಲೋ ಹಾಕಿದಾಗ ಸಿಗುವ ಎಳೆತ ಹೈಗಿಂತ ಸುಮಾರು 1.6 ಪಟ್ಟು ಮಾತ್ರ. ಮೊದಲೇ ಅಷ್ಟೇನೂ ಲೋ ಅಲ್ಲದ ಲೋ ಗೇರ್ ಇದು. 235/75 ಹಾಕಿದರೆ ಟಯರ್ ಸುಮಾರು 10 ಶೇಕಡಾ ದೊಡ್ಡದಾಗುತ್ತದೆ. ಆಗ ಈ 2.268 ಅನ್ನುವುದು 2.07ರ ಹಾಗೆ ಕೆಲಸ ಮಾಡುತ್ತದೆ. ಅದನ್ನು ಸರಿಮಾಡಲು ಡಿಫ್ ಒಳಗಿನ ಕ್ರೌನ್ ಪಿನಿಯನ್ ಗೇರ್ ಬದಲಿಸಬೇಕು, ಇಲ್ಲ ಟ್ರಾನ್ಸ್‌ಫರ್ ಗೇರ್ ಬದಲಿಸಬೇಕು. ಇಲ್ಲದಿದ್ದರೆ ಏರಿನಲ್ಲಿ ಕ್ಲಚ್ ಸುಟ್ಟುಕೊಳ್ಳುತ್ತಾ ಹತ್ತಬೇಕು. ಎಂಜಿನ್‌ಗೆ ಶಕ್ತಿ ಸಾಲದು ಅಂತ ಗೊಣಗುವ ಎಷ್ಟೋ ಗಾಡಿಗಳ ಕಾಯಿಲೆ ಇದೇ. 215/75ರಲ್ಲಿ ಕಳೆದುಕೊಳ್ಳುವುದು 5 ಶೇಕಡಾ. ಅಷ್ಟನ್ನು ಗಾಡಿ ಸಹಿಸಿಕೊಂಡಿದೆ. ಸ್ಪೀಡೋಮೀಟರ್ 60 ತೋರಿಸುವಾಗ ನಿಜಕ್ಕೂ 63ರಲ್ಲಿ ಇರುತ್ತೇನೆ, ಅದನ್ನು ನೆನಪಿಟ್ಟುಕೊಂಡರೆ ಆಯಿತು.

ಇನ್ನೊಂದು ವಿಷಯ. ಟಯರ್ 35 ಮಿ.ಮೀ. ಎತ್ತರವಾದರೆ ಡಿಫ್ ಮೇಲೇಳುವುದು ಅದರ ಅರ್ಧ, ಸುಮಾರು 18 ಮಿ.ಮೀ. ಮಾತ್ರ. ಕೇಳೋಕೆ ಏನೂ ಅಲ್ಲ ಅನಿಸುತ್ತದೆ. ಆದರೆ ಆ ನಡುದಿಣ್ಣೆಗೆ ಡಿಫ್ ತಾಗುತ್ತಿದ್ದುದು ಅಷ್ಟರಲ್ಲೇ ಅರ್ಧಕ್ಕರ್ಧ ಕಡಿಮೆಯಾಯಿತು. ಗಟ್ಟಿ ಆಕ್ಸಲ್ ಇರುವ ಗಾಡಿಯಲ್ಲಿ ಡಿಫ್ ಅನ್ನು ಮೇಲೆತ್ತುವುದು ಟಯರ್ ಒಂದೇ. ಲಿಫ್ಟ್ ಕಿಟ್ ಎತ್ತುವುದು ಚಾಸಿ ಮತ್ತು ಬಾಡಿಯನ್ನು. ಡಿಫ್ ಇದ್ದಲ್ಲೇ ಇರುತ್ತದೆ.

ಟಯರಿನ ಹಲ್ಲು ಕೆಸರಿಗೆಂದೇ ಮಾಡಿದ ಮಡ್ ಟೆರೇನ್ ಥರದ್ದು. ಎಲ್ಲ ದಾರಿಗೂ ಆಗುವ ಆಲ್ ಟೆರೇನ್ ಟಯರ್ ಹಾಕಿದ ನೆಂಟರ ಗಾಡಿ ನಮ್ಮ ಕೆಂಪು ಜೇಡಿಯಲ್ಲಿ ನೂರು ಅಡಿ ಹೋಗುವಷ್ಟರಲ್ಲಿ ಹಲ್ಲುಗಳ ಸಂದಿಯೆಲ್ಲ ತುಂಬಿ ನುಣ್ಣಗಾಗಿತ್ತು. ಮಡ್ ಟಯರಿನಲ್ಲಿ ಸಂದಿ ಅಗಲ, ಚಕ್ರ ತಿರುಗಿದಾಗ ಮಣ್ಣು ಸಿಡಿದು ಹೋಗುತ್ತದೆ. ಅಗಲ ಟಯರ್ ಬೇಡ ಅಂದಿದ್ದಕ್ಕೂ ನಮ್ಮ ನೆಲವೇ ಕಾರಣ. ಇಲ್ಲಿ ಮೇಲೆ ಅರ್ಧ ಅಡಿ ಕೆಸರು, ಕೆಳಗೆ ಗಟ್ಟಿ ಜಂಬಿಟ್ಟಿಗೆ. ಕಿರಿದಾದ ಟಯರ್ ಕೆಸರನ್ನು ಸೀಳಿ ಕೆಳಗಿನ ಗಟ್ಟಿ ನೆಲ ಹಿಡಿಯುತ್ತದೆ. ಮರಳಿನಲ್ಲಿ ಓಡಿಸುವವರಿಗೆ ಇದು ತಿರುಗಾಮುರುಗಾ. ಅವರಿಗೆ ತೇಲುವ ಟಯರ್ ಬೇಕು.

ಟಯರಿಗಿಂತಲೂ ಅಗ್ಗದ್ದು ಗಾಳಿ ಇಳಿಸುವುದು. ಕೆಸರಿನ ದಾರಿಗೆ ಇಳಿಯುವ ಮೊದಲು 26ರಿಂದ 16 ಪಿಎಸ್‌ಐಗೆ ಇಳಿಸುತ್ತೇನೆ. ಟಯರ್ ನೆಲಕ್ಕೆ ತಾಗುವ ಜಾಗ ಉದ್ದವಾಗುತ್ತದೆ, ಬೇರು ಕಲ್ಲುಗಳನ್ನು ಅಪ್ಪಿಕೊಂಡು ಹತ್ತುತ್ತದೆ. 15ಕ್ಕಿಂತ ಕೆಳಗೆ ನಾನು ಹೋಗುವುದಿಲ್ಲ. ತಿರುವಿನಲ್ಲಿ ಟಯರ್ ರಿಮ್ಮಿನಿಂದ ಕಳಚಿಕೊಳ್ಳುವ ಭಯ. ಬ್ಯಾಟರಿಗೆ ಸಿಕ್ಕಿಸುವ ಸಣ್ಣ ಕಂಪ್ರೆಸರ್ ಸೀಟಿನ ಕೆಳಗೆ ಇದೆ. ಟಾರ್ ರಸ್ತೆಗೆ ಬಂದ ಮೇಲೆ ಮತ್ತೆ ಗಾಳಿ ತುಂಬಲೇಬೇಕು. ಇಲ್ಲದಿದ್ದರೆ ಟಯರ್ ಬಿಸಿಯಾಗಿ ಹಾಳಾಗುತ್ತದೆ.

ಎರಡನೆಯ ಕೆಲಸ ಯಾರಿಗೂ ಕಾಣುವುದಿಲ್ಲ. ಆದರೆ ನನಗೆ ಅದರ ಮೇಲೇ ಪ್ರೀತಿ ಜಾಸ್ತಿ. ಆಕ್ಸಲ್ ಹೌಸಿಂಗ್ ಮೇಲೆ ಬ್ರೀದರ್ ಅಂತ ಒಂದು ಸಣ್ಣ ಮೂತಿ ಇರುತ್ತದೆ. ಓಡಿ ಓಡಿ ಹೌಸಿಂಗ್ ಬಿಸಿಯಾದಾಗ ಒಳಗಿನ ಗಾಳಿ ಹಿಗ್ಗಿ ಅಲ್ಲಿಂದ ಹೊರಗೆ ಹೋಗುತ್ತದೆ. ಅದೇ ಬಿಸಿಯಲ್ಲಿ ಹಳ್ಳಕ್ಕೆ ಇಳಿದರೆ ತಣ್ಣೀರು ತಾಗಿ ಗಾಳಿ ಕುಗ್ಗುತ್ತದೆ, ಒಳಗಿನಿಂದ ಎಳೆಯುತ್ತದೆ. ಬ್ರೀದರ್ ನೀರಿನಲ್ಲಿ ಮುಳುಗಿದ್ದರೆ, ಇಲ್ಲ ಕೆಸರು ಕಟ್ಟಿಕೊಂಡು ಸೀಲಿನ ಮೂಲಕ ಎಳೆದರೆ, ನೀರು ಒಳಗೆ. ಮೆಕ್ಯಾನಿಕ್ ಒಂದು ದಿನ ಬೇರೊಂದು ಗಾಡಿಯ ಡಿಫ್ ಪ್ಲಗ್ ಬಿಚ್ಚಿ ತೋರಿಸಿದ. ಆಯಿಲ್ ಹಾಲು ಬೆರೆಸಿದ ಕಾಫಿಯ ಬಣ್ಣದಲ್ಲಿ ಸುರಿಯಿತು. “ಇದರಲ್ಲಿ ಬೇರಿಂಗ್ ಎಷ್ಟು ದಿನ ಬದುಕುತ್ತೆ ಗೌಡ್ರೇ?” ಅಂದ. ಅವತ್ತೇ ನಮ್ಮ ಗಾಡಿಯ ಮುಂದಿನ, ಹಿಂದಿನ ಆಕ್ಸಲ್, ಗೇರ್‌ಬಾಕ್ಸ್, ಟ್ರಾನ್ಸ್‌ಫರ್ ಕೇಸ್ ಎಲ್ಲದರ ಬ್ರೀದರ್‌ಗೂ ರಬ್ಬರ್ ಪೈಪ್ ಸಿಕ್ಕಿಸಿ, ಬಾನೆಟ್ ಒಳಗೆ ಎತ್ತರಕ್ಕೆ ತಂದು ಕಟ್ಟಿಸಿದೆ. ಪೈಪ್ ಎಲ್ಲೂ ಮಡಚಿಕೊಳ್ಳಬಾರದು, ಸೈಲೆನ್ಸರ್ ಹತ್ತಿರ ಹೋಗಬಾರದು, ಆಕ್ಸಲ್ ಪೂರ್ತಿ ಕೆಳಗೆ ಇಳಿದಾಗ ಎಳೆಯದಷ್ಟು ಸಡಿಲ ಇರಬೇಕು. ಅಷ್ಟೇ ಕೆಲಸ. ಖರ್ಚು ಒಂದು ಟಯರಿನ ಬೆಲೆಯ ಹತ್ತಿರಕ್ಕೂ ಬರಲಿಲ್ಲ. ಎಂಜಿನ್‌ಗೆ ಎತ್ತರದಿಂದ ಗಾಳಿ ತರುವ ಪೈಪ್, ಸ್ನಾರ್ಕೆಲ್, ಹಾಕಿಸಿಲ್ಲ. ಬಾನೆಟ್ ಮುಳುಗುವಷ್ಟು ನೀರು ಇರುವ ಹಳ್ಳಕ್ಕೆ ಇಳಿಯುವುದು ನನ್ನ ಕೆಲಸವೂ ಅಲ್ಲ.

ಸ್ಪ್ರಿಂಗ್ ವಿಷಯದಲ್ಲಿ ಸ್ವಲ್ಪ ಯೋಚಿಸಬೇಕಾಯಿತು. ಜಿಪ್ಸಿಯ ಪ್ಲೇಟ್‌ಗಳು ಗಡುಸು, ಸೊಂಟಕ್ಕೆ ಗೊತ್ತು. ಪ್ಲೇಟಿನ ತುದಿಯನ್ನು ಚಾಸಿಗೆ ಜೋಡಿಸುವ ಕೊಂಡಿ, ಅಂದರೆ ಶ್ಯಾಕಲ್, ಉದ್ದನೆಯದು ಹಾಕಿ ಎತ್ತರ ಮಾಡುವುದು ಎಲ್ಲಕ್ಕಿಂತ ಅಗ್ಗದ ದಾರಿ. ಆದರೆ ಜಿಪ್ಸಿಯಲ್ಲಿ ಮುಂದಿನ ಶ್ಯಾಕಲ್ ಉದ್ದ ಮಾಡಿದರೆ ಆಕ್ಸಲ್ ತಿರುಗಿ ಕ್ಯಾಸ್ಟರ್, ಅಂದರೆ ಚಕ್ರ ತಿರುಗುವ ಕೀಲಿನ ಹಿಂದಕ್ಕಿರುವ ವಾಲು, ಕಡಿಮೆಯಾಗುತ್ತದೆ. ಸ್ಟೀರಿಂಗ್ ತಾನಾಗಿ ನೇರಕ್ಕೆ ಬರುವುದಿಲ್ಲ, ಹೈವೇಯಲ್ಲಿ ಗಾಡಿ ಅತ್ತಿತ್ತ ಅಲೆಯುತ್ತದೆ. ಹಾಗಾಗಿ ಶ್ಯಾಕಲ್ ಮುಟ್ಟಲಿಲ್ಲ. ಮುಂದೆ ಮೆತ್ತನೆಯ ಪ್ಯಾರಬೋಲಿಕ್ ಪ್ಲೇಟ್, ನಾಲ್ಕೂ ಕಡೆ ಒಳ್ಳೆಯ ಶಾಕ್ ಅಬ್ಸಾರ್ಬರ್, ಹೊಸ ಬುಷ್. ಹಿಂದೆ ಕಂಪನಿಯ ಪ್ಲೇಟೇ ಇರಲಿ ಅಂದೆ, ಗೊಬ್ಬರದ ಚೀಲ ಹೊರುವುದು ಅದೇ ಅಲ್ವಾ. ಮುಂದಿನ ಚಕ್ರ ಈಗ ಗುಂಡಿಯೊಳಗೆ ಇಳಿದು ನೆಲ ಮುಟ್ಟುತ್ತದೆ. ಮೊದಲು ಗಾಳಿಯಲ್ಲಿ ನೇತಾಡುತ್ತಿತ್ತು.

ಎರಡೂ ಚಕ್ರ ಒಟ್ಟಿಗೇ ತಿರುಗುವ ಹಾಗೆ ಬಿಗಿಯುವ ಡಿಫ್ ಲಾಕ್ ಮೇಲೆ ಬಹಳ ಆಸೆ ಇತ್ತು, ಈಗಲೂ ಇದೆ. ಮಾಮೂಲಿ ಡಿಫ್ ಎರಡೂ ಚಕ್ರಕ್ಕೆ ಸಮಾನ ಎಳೆತ ಕೊಡುತ್ತದೆ. ಒಂದು ಚಕ್ರ ಗಾಳಿಯಲ್ಲಿದ್ದು ಎಳೆತ ತಗೊಳ್ಳದಿದ್ದರೆ ಇನ್ನೊಂದಕ್ಕೂ ಸಿಗುವುದು ಅಷ್ಟೇ, ಅಂದರೆ ಏನೂ ಇಲ್ಲ. ಮುಂದೆ ಎಡಗಡೆ, ಹಿಂದೆ ಬಲಗಡೆ ಹೀಗೆ ಓರೆಯಾಗಿ ಎರಡು ಚಕ್ರ ಎದ್ದರೆ ಫೋರ್ ವೀಲ್ ಡ್ರೈವ್ ಇದ್ದೂ ಗಾಡಿ ಅಲ್ಲೇ ನಿಲ್ಲುತ್ತದೆ. ನಮ್ಮ ತೋಟದಲ್ಲಿ ಹಾಗೆ ಆಗುತ್ತಿದ್ದುದು ಮೇಲಿನ ಕಣದ ಹತ್ತಿರದ ಒಂದೇ ತಿರುವಿನಲ್ಲಿ. ಗಾಳಿಯಿಂದ ಲಾಕ್ ಆಗುವ ಸೆಟ್ಟಿಗೆ ರೇಟು ವಿಚಾರಿಸಿದೆ. ಅಲ್ಲಿಯವರೆಗೆ ಗಾಡಿಗೆ ಹಾಕಿದ ಎಲ್ಲ ದುಡ್ಡಿಗಿಂತ ಜಾಸ್ತಿ. ಮೇಲಾಗಿ ಲಾಕ್ ಹಾಕಿ, ದೊಡ್ಡ ಟಯರಿನಲ್ಲಿ ಬಲವಾಗಿ ಎಳೆದರೆ ಮುರಿಯುವುದು ಆಕ್ಸಲ್ ಶಾಫ್ಟ್. ಆಮೇಲೆ ಅದನ್ನೂ ಗಟ್ಟಿಯದು ಹಾಕಿಸಬೇಕು. ಈ ದಾರಿಗೆ ಕೊನೆ ಇಲ್ಲ.

ಕೊನೆಗೆ ಇಬ್ಬರು ಆಳು, ಒಂದು ಹಾರೆ, ಒಂದು ಟ್ರ್ಯಾಕ್ಟರ್ ಲೋಡು ಜಲ್ಲಿ. ಆ ತಿರುವಿನ ಕೊರಕಲು ತುಂಬಿಸಿ, ಮೇಲ್ಗಡೆ ನೀರು ಹೋಗಲು ಚರಂಡಿ ತೆಗೆಸಿದೆ. ಪಕ್ಕದ ತೋಟದವರು ಈಗಲೂ ನಗುತ್ತಾರೆ, ಗಾಡಿಗೆ ಹಾಕುವುದು ಬಿಟ್ಟು ರಸ್ತೆಗೆ ಹಾಕಿದ್ದಾನೆ ಅಂತ. ನಗಲಿ. ಅವರ ಪಿಕಪ್ಪೂ ಈಗ ಅದೇ ತಿರುವಿನಲ್ಲಿ ಹತ್ತುತ್ತದೆ. ಬೇರೆ ಕಡೆ ಹಾಗೆ ಓರೆಯಾಗಿ ಸಿಕ್ಕಿಕೊಂಡರೆ ಆಕ್ಸಿಲರೇಟರ್ ಜೊತೆಗೆ ಎಡಗಾಲಲ್ಲಿ ಬ್ರೇಕ್ ಸ್ವಲ್ಪ ಒತ್ತಿ ಹಿಡಿಯುತ್ತೇನೆ. ಗಾಳಿಯಲ್ಲಿ ತಿರುಗುವ ಚಕ್ರಕ್ಕೆ ತಡೆ ಸಿಕ್ಕಿ ಇನ್ನೊಂದಕ್ಕೂ ಎಳೆತ ಹೋಗುತ್ತದೆ. ಎಲ್ಲ ಸಲ ಆಗುವುದಿಲ್ಲ, ಆದರೆ ಪುಕ್ಕಟೆ.

ವಿಂಚೂ ಬೇಡ ಅನಿಸಿತು. ವಿಂಚ್, ಅದನ್ನು ಹೊರುವ ಬಂಪರ್, ದೊಡ್ಡ ಬ್ಯಾಟರಿ ಎಲ್ಲ ಸೇರಿ ಮೂತಿಯ ಮೇಲೆ ಭಾರ ಕೂರುತ್ತದೆ. ಗೋವಾದ ರೇನ್‌ಫಾರೆಸ್ಟ್ ಚಾಲೆಂಜ್ ಥರದ ಸ್ಪರ್ಧೆಗೆ ಹೋಗುವವರಿಗೆ ಅದಿಲ್ಲದೆ ಆಗುವುದಿಲ್ಲ. ನನಗೆ ಕೂಗಿದರೆ ಟ್ರ್ಯಾಕ್ಟರ್ ಬರುತ್ತದೆ. ಬದಲಿಗೆ ಹಿಂದೆ ಮುಂದೆ ಚಾಸಿಗೇ ಬೋಲ್ಟ್ ಮಾಡಿದ ಗಟ್ಟಿ ಕೊಕ್ಕೆ ಹಾಕಿಸಿದೆ. ಹಿಗ್ಗುವ ರಿಕವರಿ ಹಗ್ಗ ಒಂದು, ಗುದ್ದಲಿ ಒಂದು ಸದಾ ಗಾಡಿಯಲ್ಲಿರುತ್ತವೆ. ಆ ಹಗ್ಗವನ್ನು ಬಂಪರಿಗೋ ಟ್ರೈಲರ್ ಉಂಡೆಗೋ ಕಟ್ಟಿ ಎಳೆಸಬೇಡಿ. ಕಿತ್ತು ಬಂದ ಕಬ್ಬಿಣ ಗುಂಡಿನ ವೇಗದಲ್ಲಿ ಹಾರುತ್ತದೆ, ಜನ ಸತ್ತಿದ್ದಾರೆ.

ಎಂಜಿನ್‌ಗೆ ಖರ್ಚೇ ಮಾಡಿಲ್ಲ ಅಂದರೆ ತಪ್ಪಾಗುತ್ತದೆ. ಕಂಪ್ರೆಷನ್ ನೋಡಿಸಿದೆ, ಇಂಜೆಕ್ಟರ್ ತೊಳೆಸಿದೆ, ಪ್ಲಗ್, ಏರ್ ಫಿಲ್ಟರ್, ಕ್ಲಚ್ ಸೆಟ್ ಬದಲಿಸಿದೆ. ಟರ್ಬೊ ಇಲ್ಲದ ಎಂಜಿನ್ ಸಾವಿರ ಮೀಟರ್ ಎತ್ತರದಲ್ಲಿ ಹೇಗೂ ಹತ್ತು ಶೇಕಡಾದಷ್ಟು ಶಕ್ತಿ ಕಳೆದುಕೊಳ್ಳುತ್ತದೆ. ಹಳೇ ಪ್ಲಗ್ಗು, ಕಟ್ಟಿದ ಫಿಲ್ಟರ್ ಇಟ್ಟುಕೊಂಡು ಇನ್ನಷ್ಟು ಕಳೆದುಕೊಳ್ಳುವುದು ಯಾಕೆ? ಫ್ರೀ ಫ್ಲೋ ಸೈಲೆನ್ಸರ್ ಕೊಡುವುದೇನಿದ್ದರೂ ಮೇಲಿನ ಆರ್‌ಪಿಎಂನಲ್ಲಿ. ಕೆಳಗೆ ಕೊಡುವುದು ಸದ್ದು ಮಾತ್ರ.

ಕಾನೂನನ್ನೂ ನೋಡಿಕೊಂಡೇ ಆರಿಸಿದೆ. ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52ರ ಮೇಲೆ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಕಟ್ಟುನಿಟ್ಟಾಗಿ ಹೇಳಿದೆ. ಕಂಪನಿ ಕೊಟ್ಟ ಮೂಲ ವಿವರಕ್ಕೆ ಹೊಂದದ ಹಾಗೆ ಗಾಡಿ ಬದಲಿಸುವ ಹಾಗಿಲ್ಲ. ಬಂಪರ್ ಮುಂದೆ ಹಾಕುವ ಕಬ್ಬಿಣದ ಕಂಬಿ, ಬುಲ್ ಬಾರ್, ಬೇಡ ಅಂತ ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರ್‌ನಲ್ಲೇ ರಾಜ್ಯಗಳಿಗೆ ಬರೆದಿದೆ. ಆದ್ದರಿಂದ ಬಂಪರ್ ಕಂಪನಿಯದ್ದೇ. ಟಯರ್ ಅಳತೆಯ ಬಗ್ಗೆಯೂ ತಕರಾರು ಬರಬಹುದು. ಹಾಗಾಗಿ ಮಡ್ ಟಯರ್ ತೋಟಕ್ಕೆ ಮಾತ್ರ. ಮೂಲ ಅಳತೆಯ ಸೆಟ್ ರಿಮ್ ಸಮೇತ ಗೋದಾಮಿನಲ್ಲಿದೆ, ಹಾಸನ ಬೆಂಗಳೂರು ಅಂತ ಹೊರಟರೆ ಅದನ್ನೇ ಹಾಕುತ್ತೇನೆ. ಒದ್ದೆ ಟಾರಿನಲ್ಲಿ ಮಡ್ ಟಯರಿನ ಬ್ರೇಕ್ ನನಗೆ ನಂಬಿಕೆ ಇಲ್ಲ, ಸದ್ದಂತೂ ಕೇಳೋದೇ ಬೇಡ.

ಈಗ ಉಳಿದಿರುವುದು ಸ್ಟೀರಿಂಗ್. ಜಿಪ್ಸಿಗೆ ಕಂಪನಿ ಪವರ್ ಸ್ಟೀರಿಂಗ್ ಕೊಟ್ಟೇ ಇರಲಿಲ್ಲ. ದೊಡ್ಡ ಟಯರ್, ಇಳಿಸಿದ ಗಾಳಿ, ಎರಡೂ ಸೇರಿ ತಿರುವಿನಲ್ಲಿ ತೋಳು ಬಿದ್ದುಹೋಗುತ್ತದೆ. ನನ್ನ ಹೆಂಡತಿ ಈ ಗಾಡಿ ಮುಟ್ಟುವುದನ್ನೇ ಬಿಟ್ಟಿದ್ದಾಳೆ. ಬೇರೆ ಕಾರಿನ ಎಲೆಕ್ಟ್ರಿಕ್ ಸ್ಟೀರಿಂಗ್ ಕಾಲಂ ತಂದು ಕೂರಿಸುವವರು ಇದ್ದಾರೆ. ಅವರು ಮಾಡಿದ ಗಾಡಿಯೊಂದನ್ನು ಓಡಿಸಿ ನೋಡಿದೆ, ಚೆನ್ನಾಗಿದೆ. ಆದರೆ ಸ್ಟೀರಿಂಗ್ ಶಾಫ್ಟ್ ಕತ್ತರಿಸಿ ವೆಲ್ಡ್ ಮಾಡುತ್ತೇನೆ ಅನ್ನುವವರ ಕೈಗೆ ಕೊಡುವುದಿಲ್ಲ. ಸ್ಪ್ಲೈನ್ (ಶಾಫ್ಟಿನ ತುದಿಯ ಹಲ್ಲು) ಕೂರುವ ಹಾಗೆ ಜಾಯಿಂಟ್ ಮಾಡಿಸಿ ಬೋಲ್ಟ್ ಹಾಕುವವರು ಸಿಕ್ಕರೆ ಮಳೆ ಶುರುವಾಗುವ ಮೊದಲೇ ಮಾಡಿಸಬೇಕು. ಅದಕ್ಕೂ ಮೊದಲು ಆರ್‌ಟಿಒದಲ್ಲಿ ಒಂದು ಮಾತು ಕೇಳಬೇಕು.