ಹಳೆ ಮ್ಯಾಸಿ 1035 ಟ್ರ್ಯಾಕ್ಟರಿಗೆ ಮಣ್ಣೆಳೆಯುವ ಬಕೆಟ್: ನನ್ನ ಅನುಭವ

ಕೆರೆ ಗೋಡನ್ನು ತೋಟದ ಅಂಚಿಗೆ ತಂದು ಸುರಿಸಿಕೊಳ್ಳುವುದು ಸುಲಭ. ಅಲ್ಲಿಂದ ತೆಂಗಿನ ಸಾಲುಗಳ ಒಳಗೆ ಒಯ್ದು ಹರಡುವುದೇ ಕಷ್ಟ. ಜೆಸಿಬಿ ಒಳಗೆ ನುಗ್ಗಿದರೆ ಮರದ ಬೇರೂ ಹಾಳು, ಹನಿ ನೀರಾವರಿ ಪೈಪೂ ಹಾಳು. ಬಾಂಡ್ಲಿಯಲ್ಲಿ ಹೊರಲು ಆಳು ಸಿಗುವುದಿಲ್ಲ. ಟ್ರ್ಯಾಕ್ಟರ್ ಹಿಂದೆ ಉಪಕರಣ ಹಿಡಿಯುವ ಮೂರು ಲಿಂಕ್‌ಗೆ ಸಿಕ್ಕಿಸುವ ಬಕೆಟ್ ಈ ಕೆಲಸಕ್ಕೆ ಹೇಳಿ ಮಾಡಿಸಿದ್ದು.

ಮೊದಲೇ ತಿಳಿದಿರಬೇಕಾದ ಸಂಗತಿ ಒಂದಿದೆ. ನಮ್ಮ ಟ್ರ್ಯಾಕ್ಟರ್ ಲಿಫ್ಟ್ ಮೇಲಕ್ಕೆ ಎತ್ತುತ್ತದೆಯೇ ಹೊರತು ಕೆಳಕ್ಕೆ ಒತ್ತುವುದಿಲ್ಲ. ಬಕೆಟ್ ತನ್ನ ತೂಕದಿಂದಲೇ ಇಳಿಯಬೇಕು. ಹಾಗಾಗಿ ಇದು ಸಡಿಲ ಮಣ್ಣನ್ನು ತುಂಬಿ ಸಾಗಿಸುವ ಸಾಧನ, ಗಟ್ಟಿ ನೆಲ ಅಗೆಯುವ ಯಂತ್ರವಲ್ಲ. ಗಟ್ಟಿ ನೆಲವಿದ್ದರೆ ಕಲ್ಟಿವೇಟರ್‌ನಲ್ಲಿ ಉದ್ದಕ್ಕೊಮ್ಮೆ, ಅಡ್ಡಕ್ಕೊಮ್ಮೆ ಹೊಡೆದೇ ಬಕೆಟ್ ಇಳಿಸುತ್ತೇನೆ.

ಅಳತೆ: ಅಗಲ 1200 ಮಿ.ಮೀ., ತಳದ ಉದ್ದ 600, ಹಿಂದಿನ ಗೋಡೆ 400. ಪಕ್ಕದ ತಗಡು ಹಿಂದೆ 400 ಇದ್ದು ಬಾಯಿಯ ಹತ್ತಿರ 150ಕ್ಕೆ ಇಳಿಯುತ್ತದೆ. ಮಟ್ಟಸವಾಗಿ ತುಂಬಿದರೆ ಹಿಡಿಯುವುದು 0.2 ಘನ ಮೀಟರ್, ಅಂದರೆ ಸುಮಾರು 7 ಘನ ಅಡಿ. ಹಸಿ ಗೋಡು 340 ಕೆಜಿ ತೂಗುತ್ತದೆ, ಬಕೆಟ್ ಚೌಕಟ್ಟು ಸೇರಿ 130 ಕೆಜಿ, ಒಟ್ಟು 470. ಲಿಫ್ಟ್ 1100 ಕೆಜಿ ಎತ್ತುವಾಗ ಇಷ್ಟು ಸಣ್ಣದೇಕೆ ಎಂದು ವೆಲ್ಡಿಂಗ್ ಶಾಪಿನವರು ಕೇಳಿಯೇ ಕೇಳುತ್ತಾರೆ. ಲೆಕ್ಕ ಲಿಫ್ಟಿನದಲ್ಲ, ಮುಂದಿನ ಚಕ್ರದ್ದು. ಆ ಭಾರ ಹಿಂದಿನ ಅಚ್ಚಿನಿಂದ 1.2 ಮೀಟರ್ ಹಿಂದೆ ನೇತಾಡುತ್ತದೆ. ಮುಂದಿನ ಅಚ್ಚು ಸುಮಾರು 1.9 ಮೀಟರ್ ಮುಂದಿದೆ. 470ನ್ನು 1.2ರಿಂದ ಗುಣಿಸಿ 1.9ರಿಂದ ಭಾಗಿಸಿದರೆ, ಮುಂದಿನ ಚಕ್ರಗಳ ಮೇಲಿನ ಭಾರದಲ್ಲಿ 300 ಕೆಜಿ ಹತ್ತಿರ ಕಳೆದುಹೋಗುತ್ತದೆ. ಹೆಚ್ಚುಕಡಿಮೆ ಅರ್ಧ. ಬಕೆಟ್ ಇಮ್ಮಡಿ ಮಾಡಿಸಿದರೆ ಬದು ಹತ್ತುವಾಗ ಮೂತಿ ಎದ್ದು ಸ್ಟೀರಿಂಗ್ ಕೈಗೆ ಸಿಗುವುದಿಲ್ಲ. ಈ ಅಳತೆಗೂ ಮುಂದೆ ತೂಕದ ಬಿಲ್ಲೆ ಹಾಕಿಕೊಂಡೇ ಓಡಿಸಬೇಕು.

ತಳಕ್ಕೂ ಗೋಡೆಗೂ 5 ಮಿ.ಮೀ. ಎಮ್‌ಎಸ್ (ಮೆದು ಉಕ್ಕಿನ) ಪ್ಲೇಟು, ಚೌಕಟ್ಟಿಗೆ 75 ಮಿ.ಮೀ. ಚಾನೆಲ್ 4 ಮೀಟರ್, ಅಂಚುಗಳಿಗೆ 50×50×6 ಆ್ಯಂಗಲ್ 5 ಮೀಟರ್. 3 ಮಿ.ಮೀ. ಪ್ಲೇಟು ಸಾಕೆಂದು ಹಣ ಉಳಿಸಬೇಡಿ, ಮೊದಲ ಕಲ್ಲಿಗೇ ತಳ ಹೊಟ್ಟೆ ಬಿಡುತ್ತದೆ. ಬಾಯಂಚಿಗೆ ಲಾರಿಯ ಕಮಾನು ಪಟ್ಟೆ ಬೆಸೆಯುವ ರೂಢಿ ಇದೆ. ಆ ಉಕ್ಕಿನಲ್ಲಿ ಕಾರ್ಬನ್ ಜಾಸ್ತಿ. ಸಾಮಾನ್ಯ ವೆಲ್ಡಿಂಗ್ ರಾಡಿನಲ್ಲಿ, ಕಾಯಿಸದೆ ಬೆಸೆದರೆ ಬೆಸುಗೆ ಚೆನ್ನಾಗಿಯೇ ಕಾಣುತ್ತದೆ, ಅದರ ಪಕ್ಕದಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟಿರುತ್ತದೆ. ಮರದ ಬೇರು ತಾಗಿದ ದಿನ ಪಟ್ಟೆ ಪೂರ್ತಿ ಕಳಚಿಬರುತ್ತದೆ. ಗುಜರಿಯಲ್ಲಿ ಸಿಗುವ ಗ್ರೇಡರ್ ಬ್ಲೇಡಿನ ತುಂಡು ಇದಕ್ಕಿಂತ ಮೇಲು. ಬೋಲ್ಟ್ ತೂತು ಮೊದಲೇ ಇರುತ್ತವೆ, ಸವೆದಾಗ ಬಿಚ್ಚಿ ತಿರುಗಿಸಿ ಹಾಕಬಹುದು.

ತಳ ಮತ್ತು ಹಿಂದಿನ ಗೋಡೆ ಸೇರುವ ಮೂಲೆಯನ್ನು ಚೂಪಾಗಿ ಬಿಡಬಾರದು. 100 ಮಿ.ಮೀ. ಅಗಲದ ಪಟ್ಟಿಯನ್ನು ಓರೆಯಾಗಿ ಕೂರಿಸಬೇಕು. ಇಲ್ಲದಿದ್ದರೆ ಎರೆ ಮಣ್ಣು ಅಲ್ಲೇ ಕಚ್ಚಿಕೊಂಡು ಕೂರುತ್ತದೆ.

ಬಕೆಟ್ಟಿನ ಬಾಯಿ ಟ್ರ್ಯಾಕ್ಟರ್ ಕಡೆಗೆ. ಮುಂದಕ್ಕೆ ನಡೆಸಿದಾಗ ತುಂಬುತ್ತದೆ, ಹಗ್ಗ ಎಳೆದರೆ ಬಾಯಿ ಕೆಳಕ್ಕೆ ಮಗುಚುತ್ತದೆ. ಮಗುಚುವ ಪಿನ್ನಿನ ಜಾಗವೇ ಇಡೀ ಕೆಲಸದ ಜೀವಾಳ. ಹಿಂದಿನ ಗೋಡೆಯಿಂದ 200 ಮಿ.ಮೀ. ಮುಂದೆ, ತಳದಿಂದ 200 ಮಿ.ಮೀ. ಮೇಲೆ ಇಟ್ಟಿದ್ದೇನೆ. ತುಂಬಿದ ಮಣ್ಣಿನ ತೂಕದ ನಡು ಗೋಡೆಯಿಂದ ಸುಮಾರು 255 ಮಿ.ಮೀ. ದೂರದಲ್ಲಿ ಬರುತ್ತದೆ, ಪಿನ್ನಿಗಿಂತ 55 ಮಿ.ಮೀ. ಮುಂದೆ. ಅಷ್ಟು ಸಾಕು, ಲಾಚ್ (ಬಕೆಟ್ಟನ್ನು ಮಗುಚದಂತೆ ಹಿಡಿದಿಡುವ ಕೊಕ್ಕೆ) ಬಿಟ್ಟ ಕೂಡಲೇ ತಾನಾಗಿ ಮಗುಚುತ್ತದೆ. ಪಿನ್ 300ಕ್ಕೆ ಹೋದರೆ ಮಗುಚುವುದೇ ಇಲ್ಲ. ಪಿನ್ನಿಗೆ 30 ಮಿ.ಮೀ. ದಪ್ಪದ ಬ್ರೈಟ್ ಬಾರ್ (ನುಣುಪಾದ ಉಕ್ಕಿನ ಸರಳು), ಪಕ್ಕದ ತಗಡಿಗೆ 12 ಮಿ.ಮೀ. ಪ್ಯಾಡು, ಬುಷ್ (ಪಿನ್ ತಿರುಗುವ ಕೊಳವೆ) ಮತ್ತು ಗ್ರೀಸ್ ನಿಪ್ಪಲ್. ಬುಷ್ಷಿಗೆ ಟ್ಯಾಕ್ (ತಾತ್ಕಾಲಿಕ ಚುಕ್ಕೆ ಬೆಸುಗೆ) ಹಾಕುವಾಗ ಎರಡೂ ಕಡೆ ಸೇರಿ ಒಂದೇ ಉದ್ದನೆಯ ಬಾರ್ ತೂರಿಸಿಟ್ಟಿರಬೇಕು. ಬೆಸುಗೆ ಆರಿದ ಮೇಲೆ ಬಾರ್ ಕತ್ತರಿಸಿ ಪಿನ್ ಮಾಡಿಕೊಳ್ಳಬಹುದು. ಬಿಡಿಬಿಡಿಯಾಗಿ ಕೂರಿಸಿದರೆ ಸಾಲು ತಪ್ಪಿ ಬಕೆಟ್ ಅರ್ಧಕ್ಕೇ ನಿಲ್ಲುತ್ತದೆ.

ಲಾಚ್ ಹಿಂದಿನ ಗೋಡೆಯ ತುದಿಯಲ್ಲಿ. ಅದು ಮಣ್ಣಿನ ಭಾರವನ್ನಷ್ಟೇ ಹೊರುತ್ತದೆಂದು ತೆಳ್ಳಗೆ ಮಾಡಿಬಿಡುತ್ತಾರೆ. ಮಣ್ಣಿನಿಂದ ಬೀಳುವ ಹೊರೆ 70 ಕೆಜಿಯೂ ಇರದು. ತುಂಬುವಾಗ ಬಾಯಂಚಿಗೆ 500 ಕೆಜಿ ಎದುರು ಒತ್ತಡ ಬಂದರೆ ಲಾಚ್ ಮೇಲೆ 350 ಕೆಜಿ ಬೀಳುತ್ತದೆ, ಕಲ್ಲು ತಾಗಿದರೆ ಅದಕ್ಕಿಂತಲೂ ಹೆಚ್ಚು. ಅದಕ್ಕೇ ಕೊಕ್ಕೆಗೆ 20 ಮಿ.ಮೀ. ಪ್ಲೇಟು, ಅದು ಹಿಡಿಯುವ ಪಿನ್ 25 ಮಿ.ಮೀ. ಕೊಕ್ಕೆಯ ಮುಖ ಹೊರಕ್ಕೆ ವಾಲಿದ್ದರೆ ಓಡುವಾಗಲೇ ಜಾರುತ್ತದೆ, ಒಳಕ್ಕೆ ಕೊರೆದಿದ್ದರೆ ಎಷ್ಟು ಎಳೆದರೂ ಬಿಡುವುದಿಲ್ಲ. ಎಳೆಯುವ ಲಿವರ್ 400 ಮಿ.ಮೀ. ಉದ್ದ, ಕೊಕ್ಕೆಯ ಕಡೆ 80. ಹಗ್ಗವನ್ನು ಕೈಗಾಗಲಿ ಸೀಟಿಗಾಗಲಿ ಕಟ್ಟಿಕೊಳ್ಳಬೇಡಿ.

ಚೌಕಟ್ಟನ್ನು ನೆಲದ ಮೇಲೆ ಬೆಸೆದು ತರಬೇಡಿ. ಟ್ರ್ಯಾಕ್ಟರನ್ನೇ ಶಾಪಿಗೆ ಒಯ್ದು, ಲಿಂಕ್‌ಗಳಿಗೆ ಸಿಕ್ಕಿಸಿ ಟ್ಯಾಕ್ ಹಾಕಿಸಿ. ಕೆಳಗಿನ ಪಿನ್ 22 ಮಿ.ಮೀ.ನದೋ 28ರದೋ ಎಂದು ನಿಮ್ಮ ಲಿಂಕಿನ ತುದಿಯ ಗುಂಡಿನ ತೂತನ್ನೇ ಅಳೆದು ನೋಡಿ, ಹಳೆ ಗಾಡಿಗಳಲ್ಲಿ ಬದಲಾಗಿರುತ್ತದೆ. ಲಿಫ್ಟ್ ಪೂರ್ತಿ ಎತ್ತಿದಾಗ ಬಾಯಂಚಿಗೂ ಟೈರಿಗೂ 150 ಮಿ.ಮೀ. ಸಂದು ಇರಲೇಬೇಕು. ಪೂರ್ತಿ ಬೆಸುಗೆಯನ್ನು 50 ಮಿ.ಮೀ. ತುಂಡುಗಳಲ್ಲಿ, ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ಹಾಕಬೇಕು. ಒಂದೇ ಗೆರೆಯಲ್ಲಿ ಎಳೆದರೆ ತಳ ಸೊಟ್ಟಗಾಗುತ್ತದೆ.

ರೆಡಿಮೇಡ್ ಕೊಳ್ಳುವವರು ಇದೇ ನಾಲ್ಕು ನೋಡಿದರೆ ಸಾಕು: ಪ್ಲೇಟಿನ ದಪ್ಪ, ಬೋಲ್ಟಿನ ಬಾಯಂಚು, ಪಿನ್ನಿನ ಜಾಗ, ಲಾಚ್. ಬಣ್ಣ ನೋಡಿ ಮರುಳಾಗಬೇಡಿ.

ಓಡಿಸುವಾಗ ಚೆಕ್ ಚೈನ್ (ಕೆಳಗಿನ ಲಿಂಕುಗಳು ಅಕ್ಕಪಕ್ಕ ಅಲುಗದಂತೆ ಹಿಡಿಯುವ ಸರಪಳಿ) ಬಿಗಿ ಇರಲಿ. ಎಳೆತಕ್ಕೆ ತಕ್ಕಂತೆ ಆಳ ಬದಲಿಸುವ ಡ್ರಾಫ್ಟ್ ಲಿವರ್ ಬೇಡ, ಒಂದೇ ಎತ್ತರದಲ್ಲಿ ಹಿಡಿಯುವ ಪೊಸಿಷನ್ ಲಿವರ್ ಬಳಸಿ. ಟಾಪ್ ಲಿಂಕ್ (ಮೂರರಲ್ಲಿ ಮೇಲಿನದು) ಗಿಡ್ಡ ಮಾಡಿದಷ್ಟೂ ಬಾಯಿ ಹೆಚ್ಚು ಕಚ್ಚುತ್ತದೆ. ಒಂದೊಂದೇ ಸುತ್ತು ತಿರುಗಿಸಿ ನೋಡಿ. ಎರಡು ಇಂಚು ಆಳದಲ್ಲಿ ನಾಲ್ಕೈದು ಮೀಟರ್ ನಡೆಸಿದರೆ ತುಂಬುತ್ತದೆ. ಒಂಟಿ ಕ್ಲಚ್ಚಿನ ಹಳೆ ಮ್ಯಾಸಿಯಲ್ಲಿ ಕ್ಲಚ್ ತುಳಿದರೆ ಲಿಫ್ಟಿನ ಪಂಪೂ ನಿಲ್ಲುತ್ತದೆ, ಲಿಫ್ಟ್ ಏಳುವುದಿಲ್ಲ. ಆದ್ದರಿಂದ ಚಕ್ರ ಜಾರಲು ಶುರುವಾಗುವ ಮೊದಲೇ, ಗಾಡಿ ಓಡುತ್ತಿರುವಾಗಲೇ ಎತ್ತಿಬಿಡಬೇಕು.

ಸುರಿಯುವಾಗ ಒಂದಡಿ ಎತ್ತರದಲ್ಲಿಟ್ಟು ಹಗ್ಗ ಎಳೆದು ನಿಧಾನಕ್ಕೆ ಮುಂದೆ ಸಾಗಿ. ಮಗುಚಿದ ಬಕೆಟ್ಟಿನ ಅಂಚೇ ಮಣ್ಣನ್ನು ಹರವಿಕೊಂಡು ಬರುತ್ತದೆ. ಆಮೇಲೆ ನೆಲಕ್ಕೆ ತಾಗಿಸಿ ಒಂದಡಿ ರಿವರ್ಸ್ ಹೋದರೆ ಬಾಯಿ ಎದ್ದು ಲಾಚ್ ಟಕ್ ಎಂದು ಕೂರುತ್ತದೆ. ಆ ಹೊತ್ತಿಗೆ ಹಿಂದೆ ಯಾರೂ ನಿಂತಿರಬಾರದು.

60 ಮೀಟರ್ ದೂರಕ್ಕೆ ಗಂಟೆಗೆ 20ರಿಂದ 25 ಸಲ ಹೋಗಿಬರಬಹುದು, ನಾಲ್ಕೈದು ಘನ ಮೀಟರ್ ಮಣ್ಣು. ನೂರು ಮೀಟರ್ ದಾಟಿದರೆ ಡೀಸೆಲ್ ದಂಡ, ಟ್ರೇಲರೇ ಸರಿ. ಟ್ರೇಲರ್ ತುಂಬಲು ಮಾತ್ರ ಈ ಬಕೆಟ್ ಆಗುವುದಿಲ್ಲ, ಅಷ್ಟು ಎತ್ತರಕ್ಕೆ ಲಿಂಕ್ ಏಳುವುದಿಲ್ಲ.