ನೆರೆಗೆ ನೆನೆದ ಮನೆ: ರಿಪೇರಿಗೆ ಯಾರನ್ನು ಕರೆಯಬೇಕು?

2019ರ ಆಗಸ್ಟ್‌ನಲ್ಲಿ ಕೃಷ್ಣಾ, ಘಟಪ್ರಭಾ, ಮಲಪ್ರಭಾ ಉಕ್ಕಿ ಬೆಳಗಾವಿ, ಬಾಗಲಕೋಟೆ ಕಡೆ ಸಾವಿರಾರು ಮನೆಗಳು ನೀರಲ್ಲಿ ನಿಂತವು. ನೀರು ಇಳಿದ ಮೇಲೆ ಎಲ್ಲರಿಗೂ ಒಂದೇ ಅವಸರ: ಗೌಂಡಿಯನ್ನು ಕರೆಸಿ, ಗಿಲಾವು ಮಾಡಿಸಿ, ಒಳಗೆ ಹೋಗಿಬಿಡೋಣ. ಮಕ್ಕಳನ್ನು ಕಟ್ಟಿಕೊಂಡು ಶಾಲೆಯಲ್ಲಿ ಎಷ್ಟು ದಿನ ಇರೋದು, ಅಲ್ವಾ? ಆದರೂ ಸ್ವಲ್ಪ ತಡೆಯಿರಿ.

ಮೊದಲು ಫೋಟೊ. ಕೆಸರು ತೆಗೆಯುವ ಮುಂಚೆಯೇ ಪ್ರತಿ ಗೋಡೆ, ಪ್ರತಿ ಬಿರುಕು, ನೀರು ನಿಂತ ಗುರುತು ಎಲ್ಲ ತೆಗೆದಿಡಿ. ಆ ವರ್ಷ ಸರ್ಕಾರ ಹಾನಿ ನೋಡಿ ಮನೆಗಳನ್ನು ಎ, ಬಿ, ಸಿ ಅಂತ ವಿಂಗಡಿಸಿತ್ತು, ಪೂರ್ತಿ ಬಿದ್ದ ಮನೆಗೆ 5 ಲಕ್ಷ ರೂಪಾಯಿ ಘೋಷಿಸಿತ್ತು. ವಿಮೆ ಇದ್ದರೆ ಕಂಪನಿಯ ಸರ್ವೇಯರ್ ಬರುತ್ತಾರೆ. ಅವರ ಲೈಸೆನ್ಸ್ ಕೇಳಿ ನೋಡಿ. ನೆನಪಿಡಿ, ಅವರು ಲೆಕ್ಕ ಹಾಕುವುದು ನಷ್ಟವನ್ನು. ಮನೆ ನಿಲ್ಲುತ್ತದೋ ಇಲ್ಲವೋ ಹೇಳುವವರು ಬೇರೆ.

ಅದಕ್ಕೆ ಸ್ಟ್ರಕ್ಚರಲ್ ಎಂಜಿನಿಯರ್ ಬೇಕು. ನನ್ನ ಮಾತು ಇಷ್ಟೇ: ನೋಡಿ ಹೇಳುವವರೂ ಕೆಲಸ ಹಿಡಿಯುವವರೂ ಒಬ್ಬರೇ ಆಗಬಾರದು. ಕೆಲಸ ಸಿಗುವ ಆಸೆ ಇದ್ದವರ ಕಣ್ಣಿಗೆ ಒಂದೋ ಎಲ್ಲ ಕೆಡವಬೇಕು ಅನ್ನಿಸುತ್ತದೆ, ಇಲ್ಲವೇ ಎಲ್ಲಕ್ಕೂ ಸಿಮೆಂಟ್ ಸಾಕು ಅನ್ನಿಸುತ್ತದೆ. ನೋಡಿದ್ದಕ್ಕೆ ಫೀ ಕೊಟ್ಟು, ಬರಹದಲ್ಲಿ ವರದಿ ತಗೊಳ್ಳಿ.

ಒಳ್ಳೆಯ ಎಂಜಿನಿಯರನ್ನು ಗುರುತಿಸುವುದು ಸುಲಭ. ಅವರು ಬಣ್ಣ ನೋಡಲ್ಲ, ಬುನಾದಿ ನೋಡುತ್ತಾರೆ. ಮೂಲೆಯಲ್ಲಿ ಒಂದು ಗುಂಡಿ ತೆಗೆಸುತ್ತಾರೆ. ಕಿಟಕಿಯ ಮೂಲೆಯಿಂದ ಓರೆಯಾಗಿ ಹೊರಟ ಬಿರುಕು ಕಂಡರೆ ಬುನಾದಿ ಒಂದು ಕಡೆ ಕುಸಿದಿದೆಯಾ ಅಂತ ಮೊದಲು ನೋಡುತ್ತಾರೆ. ಎರೆಮಣ್ಣು ನೆನೆದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಇವತ್ತು ಕಂಡ ಬಿರುಕು ತಿಂಗಳಾದ ಮೇಲೆ ಬೇರೆ ಥರ ಇರಬಹುದು. ಅದಕ್ಕೇ ಬಿರುಕಿನ ಮೇಲೆ ತೆಳ್ಳನೆ ಗಾಜಿನ ಪಟ್ಟಿಯನ್ನು ಎರಡೂ ಕಡೆ ಅಂಟಿಸಿ ಕೆಲವು ವಾರ ಕಾಯುತ್ತಾರೆ. ಗಾಜು ಒಡೆದರೆ ಗೋಡೆ ಇನ್ನೂ ಸರಿಯುತ್ತಿದೆ ಅಂತ. ಬಂದ ದಿನವೇ "ನಾಳೆ ಗಿಲಾವು ಮಾಡ್ಸಿಬಿಡಿ" ಅಂದವರನ್ನು ಬಿಟ್ಟುಬಿಡಿ.

ಮಣ್ಣಿನ ಗೋಡೆಯಾದರೆ ಆ ಕೆಲಸ ಮಾಡಿ ಪಳಗಿದ ಗೌಂಡಿಯೇ ಬೇಕು. ಒದ್ದೆ ಮಣ್ಣಿಗೆ ಸಿಮೆಂಟ್ ಬಳಿದರೆ ತೇವ ಒಳಗೇ ಉಳಿದು ಗೋಡೆ ಒಳಗಿಂದ ಸಡಿಲವಾಗುತ್ತದೆ. ಅವರು ಹಿಂದೆ ರಿಪೇರಿ ಮಾಡಿದ ಮನೆಗೆ ಹೋಗಿ, ಆ ಮನೆಯವರ ಜೊತೆ ಮಾತಾಡಿ.

ವೈರಿಂಗಿಗೆ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಬೇಕು. ವೈರಿನಿಂದ ಕರೆಂಟು ಸೋರುತ್ತದೆಯೇ ಅಂತ ತೋರಿಸುವ ಮೆಗ್ಗರ್ ಅನ್ನೋ ಉಪಕರಣ ಹಿಡಿದು ಅವರು ಪರೀಕ್ಷೆ ಮಾಡುವವರೆಗೆ ಮೇನ್ ಸ್ವಿಚ್ ಮುಟ್ಟಲೇಬೇಡಿ.

ಕೊಟೇಶನ್ ಕನಿಷ್ಠ ಎರಡು ಕಡೆ ತಗೊಳ್ಳಿ. "ಒಟ್ಟು ಇಷ್ಟು" ಅಂತಲ್ಲ, ಬುನಾದಿಗೆ ಎಷ್ಟು, ಗೋಡೆಗೆ ಎಷ್ಟು, ಕೂಲಿ ಎಷ್ಟು ಅಂತ ಬಿಡಿಬಿಡಿಯಾಗಿ ಬರೆಸಿ. ಅಡ್ವಾನ್ಸ್ ಜಾಸ್ತಿ ಕೊಡಬೇಡಿ. ಕೆಲಸ ಮುಗಿದಷ್ಟಕ್ಕೆ ಕಂತು ಕೊಡಿ, ಕೊನೆಯ ಕಂತನ್ನು ಒಂದು ಮಳೆಗಾಲ ಕಳೆದ ಮೇಲೆ ಕೊಡುವುದಾಗಿ ಮೊದಲೇ ಬರಹದಲ್ಲಿ ಒಪ್ಪಿಸಿ.