ಪಕ್ಕೆಲುಬನ್ನು ತಪ್ಪಿಲ್ಲದೆ ಎಣಿಸುವ ಬಗೆ

ಸಿಲ್ವರ್ ಓಕ್ ಮರಕ್ಕೆ ಹಬ್ಬಿದ ಬಳ್ಳಿಯಿಂದ ಕರಿಮೆಣಸು ಕೊಯ್ಯಲು ಏಣಿ ಏರಿದವರು ಜಾರಿ ಬಿದ್ದು ಪಕ್ಕೆ ಹಿಡಿದುಕೊಂಡು ಬರುವುದು ಕೊಡಗಿನ ತೋಟಗಳಲ್ಲಿ ಹೊಸದಲ್ಲ. ಅಂಥವರನ್ನು ಮೊದಲು ನೋಡುವ ಪ್ರಥಮ ಚಿಕಿತ್ಸಕರಿಗೂ ನರ್ಸಿಂಗ್ ವಿದ್ಯಾರ್ಥಿಗಳಿಗೂ ಹಲವು ವರ್ಷಗಳಿಂದ ದೇಹರಚನೆಯ ಪಾಠ ಹೇಳುತ್ತಿದ್ದೇನೆ. ನೋವಿರುವುದು ಎಷ್ಟನೆಯ ಪಕ್ಕೆಲುಬಿನ ಮೇಲೆ ಎಂದು ಕೇಳಿದರೆ ಹೆಚ್ಚಿನವರು ತಡವರಿಸದೆ ಒಂದು ಸಂಖ್ಯೆ ಹೇಳುತ್ತಾರೆ, ಮತ್ತು ಆ ಸಂಖ್ಯೆ ಬಹುತೇಕ ಒಂದು ಕಡಿಮೆ ಇರುತ್ತದೆ. ಏಳನೆಯದನ್ನು ಆರು ಎಂದು ಬರೆದುಕೊಡುವ ಈ ತಪ್ಪು ಚಿಕ್ಕದಲ್ಲ. ಇಸಿಜಿ ತೆಗೆಯುವಾಗ ಎದೆಯ ಮೊದಲೆರಡು ಬಿಲ್ಲೆಗಳನ್ನು ಎದೆಮೂಳೆಯ ಎರಡೂ ಬದಿಯಲ್ಲಿ ನಾಲ್ಕನೆಯ ಎಡೆಯಲ್ಲಿಯೇ, ಅಂದರೆ ಎರಡು ಪಕ್ಕೆಲುಬುಗಳ ನಡುವಿನ ಸಂದಿನಲ್ಲಿಯೇ, ಅಂಟಿಸಬೇಕು; ಒಂದು ಎಡೆ ತಪ್ಪಿದರೂ ಕಾಗದದ ಮೇಲಿನ ಗೆರೆ ಬದಲಾಗಬಹುದು.

ಮೊದಲು ತಿಳಿದಿರಬೇಕಾದದ್ದು

ಗಂಡಸರಿಗೂ ಹೆಂಗಸರಿಗೂ ಪಕ್ಕೆಲುಬುಗಳು ಹನ್ನೆರಡು ಜೊತೆ. ಮೇಲಿನ ಏಳು ಜೊತೆ ತಮ್ಮದೇ ಮೃದ್ವಸ್ಥಿಯ (ಮೂಳೆಗಿಂತ ಮೆತ್ತಗಿನ, ಬಾಗುವ ಎಲುಬಿನ) ಮೂಲಕ ಎದೆಮೂಳೆಗೆ ನೇರವಾಗಿ ಸೇರುತ್ತವೆ. ಎಂಟು, ಒಂಬತ್ತು, ಹತ್ತನೆಯವು ತಮ್ಮ ಮೇಲಿನದರ ಮೃದ್ವಸ್ಥಿಯನ್ನು ಹಿಡಿದುಕೊಳ್ಳುತ್ತವೆ. ಹನ್ನೊಂದು ಮತ್ತು ಹನ್ನೆರಡನೆಯವುಗಳ ಮುಂದಿನ ತುದಿ ಹೊಟ್ಟೆಯ ಗೋಡೆಯ ಸ್ನಾಯುಗಳ ನಡುವೆ ಕೊನೆಯಾಗುತ್ತದೆ.

ಸಿದ್ಧತೆ

ಸೋಫಾ ಬೇಡ, ಒರಗು ಇಲ್ಲದ ಬೆಂಚಿನ ಮೇಲೆ ಕೂರಬೇಕು. ಮೊದಲು ನಿಮ್ಮ ಎದೆಯ ಮೇಲೆಯೇ ಕಲಿಯಿರಿ, ಅನಂತರ ಒಪ್ಪಿಗೆ ಪಡೆದು ಇನ್ನೊಬ್ಬರನ್ನು ಮುಟ್ಟಿರಿ. ಮಳೆಗಾಲದ ಮಡಿಕೇರಿಯಲ್ಲಿ ತಣ್ಣಗಿನ ಬೆರಳನ್ನು ಮೈಗಿಟ್ಟರೆ ಸ್ನಾಯು ಸೆಟೆದುಕೊಂಡು ಮೂಳೆ ಕೈಗೆ ಸಿಗುವುದಿಲ್ಲವಾದ್ದರಿಂದ ಅಂಗೈಗಳನ್ನು ಉಜ್ಜಿ ಬೆಚ್ಚಗೆ ಮಾಡಿಕೊಳ್ಳಿ. ಗುರುತು ಹಾಕಲು ಹುಬ್ಬಿಗೆ ಹಚ್ಚುವ ಪೆನ್ಸಿಲ್ ಒಂದೇ ಸರಿ. ಬಾಲ್‌ಪೆನ್ ಚರ್ಮವನ್ನು ಎಳೆಯುತ್ತದೆ, ಎಳೆದ ಚರ್ಮ ಹಿಂದಕ್ಕೆ ಸರಿದಾಗ ಗುರುತೂ ಮೂಳೆಯಿಂದ ಸರಿದಿರುತ್ತದೆ.

ಎರಡನೆಯದನ್ನು ಹಿಡಿಯುವುದು

ತಪ್ಪು ಹುಟ್ಟುವುದು ಇಲ್ಲಿ, ಆದ್ದರಿಂದ ನಿಧಾನಿಸಬೇಕು. ಕಾಲರ್ ಬೋನಿನ ಕೆಳಗೆ ಮೊದಲು ಕೈಗೆ ಸಿಗುವ ಮೂಳೆಯೇ ಒಂದನೆಯ ಪಕ್ಕೆಲುಬು ಎಂದು ಎಲ್ಲರೂ ಭಾವಿಸುತ್ತಾರೆ. ಒಂದನೆಯದು ಗಿಡ್ಡ, ಚಪ್ಪಟೆ, ಎಲ್ಲಕ್ಕಿಂತ ಹೆಚ್ಚು ಬಾಗಿದ್ದು. ಅದು ಕಾಲರ್ ಬೋನಿನ ಹಿಂದೆ ಅಡಗಿರುವುದರಿಂದ ಬೆರಳಿಗೆ ಮೊದಲು ಸಿಗುವುದು ಸಾಮಾನ್ಯವಾಗಿ ಎರಡನೆಯದು. ಕಾಲರ್ ಬೋನನ್ನೇ ಒಂದು ಎಂದು ಎಣಿಸಿಕೊಂಡು ಹೊರಡುವವರಿಗೆ ಮಾತ್ರ ಆಕಸ್ಮಿಕವಾಗಿ ಸರಿಯಾದ ಸಂಖ್ಯೆ ಬರುತ್ತದೆ, ಹಾಗೆ ಬಂದ ಸರಿ ಉತ್ತರ ತಪ್ಪು ವಿಧಾನವನ್ನು ಗಟ್ಟಿ ಮಾಡಿಬಿಡುತ್ತದೆ.

ಸರಿಯಾದ ದಾರಿ ಇದು. ಕತ್ತಿನ ಬುಡದಲ್ಲಿ, ಎರಡು ಕಾಲರ್ ಬೋನುಗಳ ನಡುವೆ ಇರುವ ಗುಳಿಯಲ್ಲಿ ತೋರುಬೆರಳಿನ ತುದಿಯಿಡಿ. ಅಲ್ಲಿಂದ ಎದೆಮೂಳೆಯ ನಡುಗೆರೆಯ ಮೇಲೆ, ಬೆರಳನ್ನು ಎತ್ತದೆ, ಗಟ್ಟಿಯಾಗಿ ಒತ್ತದೆ, ನೇರ ಕೆಳಗೆ ಜಾರಿಸುತ್ತ ಬನ್ನಿ. ದೊಡ್ಡವರಲ್ಲಿ ಸುಮಾರು 5 ಸೆಂಟಿಮೀಟರ್ ಇಳಿಯುವಷ್ಟರಲ್ಲಿ ಅಡ್ಡಕ್ಕೆ ಹಾದುಹೋದ ಒಂದು ಉಬ್ಬು ಬೆರಳಿಗೆ ತಡೆಯುತ್ತದೆ. ಎದೆಮೂಳೆಯ ಮೇಲಿನ ತುಂಡು ನಡುವಿನ ತುಂಡಿಗೆ ಕೊಂಚ ಕೋನವಾಗಿ ಕೂಡುವ ಜಾಗ ಅದು. ವೈದ್ಯರು ಅದನ್ನು ಸ್ಟರ್ನಲ್ ಆಂಗಲ್ ಎಂದೂ ಲೂಯಿಯ ಕೋನ ಎಂದೂ ಕರೆಯುತ್ತಾರೆ. ಉಬ್ಬು ಸಿಗದಿದ್ದರೆ ಬೆರಳನ್ನು ಮೇಲೆ ಕೆಳಗೆ ಆಡಿಸಬೇಡಿ, ಗುಳಿಗೆ ಮರಳಿ ಹೋಗಿ ಮತ್ತೆ ಜಾರಿಸಿರಿ. ಉಬ್ಬು ತಿಳಿಯುವುದು ಜಾರುವ ಬೆರಳಿಗೆ. ಉಬ್ಬು ಸಿಕ್ಕಿದ ಮೇಲೆ ಬೆರಳನ್ನು ಅದರ ಮೇಲೆಯೇ ಪಕ್ಕಕ್ಕೆ ಸರಿಸಿ. ಎದೆಮೂಳೆಯ ಅಂಚು ದಾಟಿದೊಡನೆ ತಾಗುವುದು ಎರಡನೆಯ ಪಕ್ಕೆಲುಬಿನ ಮೃದ್ವಸ್ಥಿ. ಅಲ್ಲಿಯೇ ‘2’ ಎಂದು ಬರೆಯಿರಿ. ಎಣಿಕೆ ಆರಂಭವಾಗಬೇಕಾದ ಸಂಖ್ಯೆ ಅದೇ.

ಕೆಳಗಿಳಿಯುವುದು

ಎರಡನೆಯದರ ಕೆಳಗಿನ ಮೆತ್ತಗಿನ ತಗ್ಗು ಎರಡನೆಯ ಎಡೆ. ಎಡೆಯ ಹೆಸರು ಯಾವಾಗಲೂ ಅದರ ಮೇಲಿನ ಪಕ್ಕೆಲುಬಿನದು. ತೋರುಬೆರಳನ್ನು ಆ ಎಡೆಯಲ್ಲಿ ನಿಲ್ಲಿಸಿ, ನಡುಬೆರಳಿನಿಂದ ಮುಂದಿನ ಮೂಳೆಯನ್ನು ದಾಟಿ ಅದರಾಚೆಯ ಎಡೆಯನ್ನು ಹುಡುಕಿ, ಅದು ಸಿಕ್ಕಿದ ಮೇಲೆಯೇ ತೋರುಬೆರಳನ್ನು ಎತ್ತಬೇಕು. ಎದೆಮೂಳೆಯ ಅಂಚನ್ನೇ ಹಿಡಿದು ನೇರವಾಗಿ ಕೆಳಗಿಳಿದವರು ಆರು ಮತ್ತು ಏಳನೆಯ ಮೃದ್ವಸ್ಥಿಗಳು ಒತ್ತೊತ್ತಾಗಿ ಬರುವಲ್ಲಿ ಲೆಕ್ಕ ಕಳೆದುಕೊಳ್ಳುತ್ತಾರೆ. ಆದ್ದರಿಂದ ಪ್ರತಿ ಹೆಜ್ಜೆಗೂ ತುಸು ಹೊರಕ್ಕೆ, ಕಂಕುಳಿನ ಕಡೆಗೆ ಓರೆಯಾಗಿ ಇಳಿಯಿರಿ.

ಕೆಳಗಿನಿಂದ ಮೇಲಕ್ಕೆ ಎಣಿಸುವ ಅಡ್ಡದಾರಿಯನ್ನು ನಾನು ಯಾರಿಗೂ ಕಲಿಸುವುದಿಲ್ಲ. ಹನ್ನೆರಡನೆಯದು ಕೆಲವರಲ್ಲಿ ಎಷ್ಟು ಗಿಡ್ಡವೆಂದರೆ ಬೆನ್ನಿನ ದಪ್ಪ ಸ್ನಾಯುಗಳ ಅಡಿಯಲ್ಲಿ ಅದು ತಿಳಿಯುವುದೇ ಇಲ್ಲ. ಹುಡುಕುವ ಹಟದಲ್ಲಿ ಒತ್ತಿದರೆ ಪೆಟ್ಟು ಬೀಳುವುದು ಅದರ ಒಳಗಿರುವ ಮೂತ್ರಪಿಂಡದ ಜಾಗಕ್ಕೆ. ಲೆಕ್ಕವನ್ನು ತಾಳೆ ನೋಡಲು ಇನ್ನೆರಡು ಗುರುತುಗಳಿವೆ: ಗಂಡಸರ ಮೊಲೆತೊಟ್ಟು ಸಾಮಾನ್ಯವಾಗಿ ನಾಲ್ಕನೆಯ ಎಡೆಯ ಮೇಲಿರುತ್ತದೆ, ಕೈ ಇಳಿಬಿಟ್ಟಾಗ ಬೆನ್ನಿನ ಹೆಗಲ ಹಲಗೆಯ ಕೆಳಮೂಲೆ ಹೆಚ್ಚುಕಡಿಮೆ ಏಳನೆಯದರ ಮಟ್ಟದಲ್ಲಿರುತ್ತದೆ. ಇವನ್ನು ತಾಳೆಗೆ ಮಾತ್ರ ಬಳಸಿ.

ಪಕ್ಕೆಲುಬು ಅಡ್ಡಡ್ಡ ಕೂತ ಬಳೆಯಲ್ಲ. ಬೆನ್ನುಮೂಳೆಯಲ್ಲಿ ಎತ್ತರದಲ್ಲಿ ಹುಟ್ಟಿ, ಪಕ್ಕೆಯಲ್ಲಿ ಇಳಿಜಾರಾಗಿ ಬಂದು, ಮುಂದೆ ಬಹಳ ಕೆಳಗೆ ಮುಗಿಯುತ್ತದೆ. ನಾನು ಒಮ್ಮೆ ತರಿಸಿದ ಅಗ್ಗದ ಪ್ಲಾಸ್ಟಿಕ್ ಅಸ್ಥಿಪಂಜರದಲ್ಲಿ ಇಳಿಜಾರೇ ಇರಲಿಲ್ಲ. ಮೃದ್ವಸ್ಥಿಗೂ ಮೂಳೆಗೂ ಒಂದೇ ಬಿಳಿ ಬಣ್ಣ ಬಳಿದಿದ್ದರು. ಪ್ರತಿ ಪಕ್ಕೆಲುಬಿನ ಒಳಬದಿಯ ಕೆಳಅಂಚಿನಲ್ಲಿ ಇರಬೇಕಾದ ತೋಡೂ ಇರಲಿಲ್ಲ. ರಕ್ತನಾಳಗಳೂ ನರವೂ ಆ ತೋಡಿನಲ್ಲಿ ಹಾಯುತ್ತವೆ, ಎದೆಗೆ ಸೂಜಿ ಹಾಕುವ ವೈದ್ಯರು ಪಕ್ಕೆಲುಬಿನ ಮೇಲಂಚನ್ನು ಸವರಿಕೊಂಡೇ ಹಾಕುವುದು ಇದೇ ಕಾರಣಕ್ಕೆ. ಅಂಥ ಮಾದರಿಗೆ ಹಣ ಹಾಕುವ ಬದಲು ಒಂದು ಒಳ್ಳೆಯ ಬಣ್ಣದ ಚಿತ್ರಪಟ ಕೊಳ್ಳುವುದು ಮೇಲು.

ಸ್ನಾಯುಗಳನ್ನು ಕೆಲಸಕ್ಕೆ ಹಚ್ಚಿ ಗುರುತಿಸುವುದು

ಸ್ನಾಯುವಿನ ಪಟ್ಟಿಯನ್ನು ಬಾಯಿಪಾಠ ಮಾಡಿದವರು ವಾರದಲ್ಲಿ ಮರೆಯುತ್ತಾರೆ, ಬೆರಳಿನ ಅಡಿಯಲ್ಲಿ ಸ್ನಾಯು ಬಿಗಿಯುವುದನ್ನು ಕಂಡವರು ಮರೆಯುವುದಿಲ್ಲ.

ಎಡೆಗಳಿಂದ ಆರಂಭಿಸಿ. ಪ್ರತಿ ಎಡೆಯನ್ನೂ ಮೂರು ಪದರದ ಸ್ನಾಯು ತುಂಬಿರುತ್ತದೆ. ಹೊರಪದರದ ಎಳೆಗಳು, ನಾವು ಕೈಯನ್ನು ಪ್ಯಾಂಟಿನ ಜೇಬಿಗೆ ಇಳಿಸುವ ಹಾಗೆ, ಕೆಳಕ್ಕೂ ಮುಂದಕ್ಕೂ ಓಡುತ್ತವೆ. ಅದರ ಒಳಗಿನ ಪದರದ ಎಳೆಗಳು ಅದನ್ನು ಅಡ್ಡ ಹಾಯುತ್ತವೆ. ಹಂದಿಮಾಂಸ ಬಳಸುವ ಮನೆಗಳಲ್ಲಿ ಇದನ್ನು ನೋಡುವುದು ಸುಲಭ: ಪಂದಿ ಕರಿಗೆಂದು ತಂದ ಪಕ್ಕೆಯ ತುಂಡನ್ನು ಕತ್ತರಿಸುವ ಮೊದಲು ಎರಡು ಮೂಳೆಗಳ ನಡುವಿನ ಮಾಂಸವನ್ನು ಚೂರಿಯ ತುದಿಯಿಂದ ಪದರ ಪದರವಾಗಿ ಬಿಡಿಸಿದರೆ ಎಳೆಗಳ ದಿಕ್ಕು ಬದಲಾಗುವುದು ಕಣ್ಣಿಗೇ ಕಾಣುತ್ತದೆ. ಎಣಿಕೆಗೆ ಮಾತ್ರ ಅದನ್ನು ನೆಚ್ಚಬೇಡಿ. ಹಂದಿಗೆ ಸಾಮಾನ್ಯವಾಗಿ ಹದಿನಾಲ್ಕು, ಹದಿನೈದು ಜೊತೆ ಇರುತ್ತವೆ.

ಇನ್ನು ಪಕ್ಕೆಯ ಗೋಡೆ. ಗೋಡೆಗೆ ಅಂಗೈ ಒತ್ತಿ, ಮೊಣಕೈ ಮಡಿಸದೆ ಭುಜವನ್ನು ಮುಂದಕ್ಕೆ ತಳ್ಳಿರಿ, ಇನ್ನೊಂದು ಕೈಯನ್ನು ಕಂಕುಳಿನ ಕೆಳಗಿನ ಪಕ್ಕೆಲುಬುಗಳ ಮೇಲೆ ಇಡಿ. ಗರಗಸದ ಹಲ್ಲುಗಳಂತೆ ಸಾಲಾಗಿ ಬಿಗಿಯುವುದು ಸೆರಾಟಸ್ ಆಂಟೀರಿಯರ್. ಮೇಲಿನ ಎಂಟೋ ಒಂಬತ್ತೋ ಪಕ್ಕೆಲುಬುಗಳ ಹೊರಮೈಯಿಂದ ಹೊರಟು, ಹೆಗಲ ಹಲಗೆಯ ಅಡಿಯಲ್ಲಿ ನುಸುಳಿ, ಬೆನ್ನುಮೂಳೆಯ ಕಡೆಯ ಅಂಚಿಗೆ ಅದು ಸೇರುತ್ತದೆ. ಅದರ ನರಕ್ಕೆ ಪೆಟ್ಟಾದರೆ ಇದೇ ರೀತಿ ತಳ್ಳುವಾಗ ಹೆಗಲ ಹಲಗೆ ರೆಕ್ಕೆಯಂತೆ ಎದ್ದು ನಿಲ್ಲುತ್ತದೆ. ಈಗ ಕೈ ಇಳಿಸಿ, ಹಾಕಿ ಸ್ಟಿಕ್ ಬೀಸುವವರಂತೆ ಸೊಂಟದ ಮೇಲ್ಭಾಗವನ್ನು ತಿರುಗಿಸಿರಿ. ಕೆಳಗಿನ ಪಕ್ಕೆಯಲ್ಲಿ ಬಿಗಿಯುವುದು ಹೊಟ್ಟೆಯ ಹೊರ ಓರೆ ಸ್ನಾಯು. ಐದರಿಂದ ಹನ್ನೆರಡರವರೆಗಿನ ಪಕ್ಕೆಲುಬುಗಳಿಗೆ ಅಂಟಿಕೊಂಡಿರುವ ಅದರ ಮೇಲಿನ ಹಲ್ಲುಗಳು ಸೆರಾಟಸ್‌ನ ಕೆಳಗಿನ ಹಲ್ಲುಗಳ ನಡುವೆ, ಎರಡು ಕೈಗಳ ಬೆರಳುಗಳನ್ನು ಹೆಣೆದಂತೆ, ಕೂತಿರುತ್ತವೆ. ಕೌಟುಂಬಿಕ ಹಾಕಿ ಉತ್ಸವದ ಸಮಯದಲ್ಲಿ ಆಟಗಾರರು ಪಕ್ಕೆ ಹಿಡಿಯಿತು ಎಂದು ಬೆರಳಿಟ್ಟು ತೋರಿಸುವ ಜಾಗ ಎಷ್ಟೋ ಸಲ ಈ ಹೆಣಿಗೆಯೇ ಆಗಿರುವುದನ್ನು ನೋಡಿದ್ದೇನೆ.

ಉಳಿದವು ಚಿಕ್ಕ ಮಾತಿನಲ್ಲಿ ಮುಗಿಯುತ್ತವೆ. ಕತ್ತಿನ ಪಕ್ಕದ ಸ್ಕೇಲೀನ್ ಸ್ನಾಯುಗಳು ಮೊದಲೆರಡು ಪಕ್ಕೆಲುಬುಗಳನ್ನು ಮೇಲಿನಿಂದ ಹಿಡಿದಿರುತ್ತವೆ. ಜೋರಾಗಿ ಮೂಸಿದರೆ ಕಾಲರ್ ಬೋನಿನ ಮೇಲೆ ಬಿಗಿಯುತ್ತವೆ. ಎದೆಯ ಚಿಕ್ಕ ಸ್ನಾಯು ಪೆಕ್ಟೊರಾಲಿಸ್ ಮೈನರ್ ಮೂರು, ನಾಲ್ಕು, ಐದನೆಯದರಿಂದ ಹೆಗಲ ಹಲಗೆಯ ಕೊಕ್ಕಿಗೆ ಹೋಗುತ್ತದೆ. ಹೊಟ್ಟೆಯ ನೇರ ಸ್ನಾಯು ಐದರಿಂದ ಏಳನೆಯ ಮೃದ್ವಸ್ಥಿಗಳಿಗೆ ಕಚ್ಚಿಕೊಂಡಿದೆ. ಎದೆಗೂ ಹೊಟ್ಟೆಗೂ ನಡುವಿನ ಸ್ನಾಯುವಿನ ತೆರೆಯಾದ ವಪೆಯನ್ನು ಮುಟ್ಟಲಾಗದು, ಕೆಳಗಿನ ಆರು ಜೊತೆಯ ಒಳಮೈಗೆ ಅದು ಅಂಟಿಕೊಂಡಿದೆ. ಆದರೆ ಅದರ ಕೆಲಸ ತಿಳಿಯುತ್ತದೆ. ಕೆಳಪಕ್ಕೆಗೆ ಎರಡೂ ಅಂಗೈ ಇಟ್ಟು ಉಸಿರೆಳೆದರೆ ಪಕ್ಕೆಲುಬುಗಳು ಬಕೆಟ್ಟಿನ ಹಿಡಿ ಎತ್ತಿದಂತೆ ಹೊರಕ್ಕೆ ಏಳುತ್ತವೆ. ಎದೆಮೂಳೆಯ ಮೇಲೆ ಕೈಯಿಟ್ಟರೆ ಕೈಪಂಪಿನ ಹಿಡಿಯಂತೆ ಅದು ಮುಂದಕ್ಕೂ ಮೇಲಕ್ಕೂ ಸರಿಯುತ್ತದೆ.

ಪೆಟ್ಟಾದವರ ಮುಂದೆ

ಏಣಿಯಿಂದ ಬಿದ್ದವರ ಪಕ್ಕೆಯನ್ನು ಒತ್ತಿ ಪರೀಕ್ಷಿಸಬೇಡಿ. ಅವರೇ ಒಂದು ಬೆರಳಿನಿಂದ ನೋವಿನ ಜಾಗ ತೋರಿಸಲಿ, ನೀವು ಪೆಟ್ಟಾಗದ ಬದಿಯಲ್ಲಿ ಎರಡನೆಯದರಿಂದ ಎಣಿಸಿಕೊಂಡು ಬಂದು ಮಟ್ಟವನ್ನು ತಾಳೆ ಹಾಕಿ. ಎದೆಯ ಸುತ್ತ ಬಟ್ಟೆಯನ್ನು ಬಿಗಿಯಾಗಿ ಕಟ್ಟುವುದನ್ನು ನಾನು ಖಂಡಿತ ವಿರೋಧಿಸುತ್ತೇನೆ. ಕಟ್ಟಿದಾಗ ಉಸಿರು ಮೇಲುಮೇಲೆ ಆಡುತ್ತದೆ, ಕಫ ಕಟ್ಟಿ ನ್ಯುಮೋನಿಯಾ ಬರುವ ಅಪಾಯ ಹೆಚ್ಚುತ್ತದೆ. ಉಸಿರು ಸಿಕ್ಕಿಕೊಂಡರೆ, ಕೆಮ್ಮಿನಲ್ಲಿ ರಕ್ತ ಕಂಡರೆ ಎಣಿಕೆಯನ್ನು ಬಿಟ್ಟು ಆಗಲೇ ಆಸ್ಪತ್ರೆಗೆ ಹೊರಡಬೇಕು. ಅಷ್ಟು ಅವಸರವಿಲ್ಲದಿದ್ದರೆ ಕಳುಹಿಸುವ ಚೀಟಿಯಲ್ಲಿ ಬದಿ, ಸಂಖ್ಯೆ, ಜಾಗ ಮೂರನ್ನೂ ಬರೆಯಿರಿ: ಎಡಬದಿ, ಏಳನೆಯ ಪಕ್ಕೆಲುಬು, ಕಂಕುಳಿನ ನಡುವಿನಿಂದ ಇಳಿದ ಗೆರೆಯ ಮೇಲೆ.